ಹೀರೋ ಇಲ್ಲದ ಹಾಡು



ಈ ವಾರದ ಅಂಕಣವನ್ನು ನಾನು ಮೇಜಿನ ಮುಂದೆ ಕೂತು ಬರೆದಿಲ್ಲ. ಅರ್ಧ ಬರೆದದ್ದು ಕೆರೆಬಿಳಚಿಯ ಒಂದು ಟೀ ಅಂಗಡಿ ಬೆಂಚಿನ ಮೇಲೆ, ಇನ್ನರ್ಧ ಸೂಳೆಕೆರೆ ಏರಿಯ ಮೇಲೆ. ಯಾಕಪ್ಪಾ ಅಂದ್ರೆ, ಆ ಊರಿನ ಒಬ್ಬ ಹುಡುಗ ನನಗೊಂದು ಕಾಗದ ಬರೆದಿದ್ದ. ಕಾಗದ ಅಂದ್ರೆ ಕಾಗದವೇ ಕಣ್ರೀ! ಇನ್‌ಲ್ಯಾಂಡ್ ಲೆಟರಿನಲ್ಲಿ, ನೀಲಿ ಇಂಕಿನಲ್ಲಿ.

"ಸ್ವಾಮೀ, ನೀವು ವಾರವಾರ ಸಿನಿಮಾ ಹಾಡಿಗೆ ಮಾರ್ಕು ಹಾಕ್ತೀರಿ. ಆ ಹಾಡಿಗೆ ಹೀರೋ ಅದಾನೆ, ಪೋಸ್ಟರ್ ಐತೆ, ಫಸ್ಟ್ ಡೇ ಫಸ್ಟ್ ಶೋ ಐತೆ. ನಮ್ಮಂಥೋರು ಸ್ವಂತಕ್ಕೆ ಗಿಟಾರ್ ಹಿಡಿದು ಮಾಡಿದ ಹಾಡನ್ನ ಯಾರು ಕೇಳ್ಬೇಕು? ಧೈರ್ಯ ಇದ್ರೆ ಕೆರೆಬಿಳಚಿಗೆ ಬರ್ರಿ."

ಧೈರ್ಯದ ಮಾತು ಬಂತಲ್ಲ, ಹೊರಟೇಬಿಟ್ಟೆ! ಚನ್ನಗಿರಿಯಲ್ಲಿ ಬಸ್ ಹತ್ತಿದೆ. ಎರಡೂ ಕಡೆ ಅಡಿಕೆ ತೋಟ, ನಡುನಡುವೆ ಮೆಕ್ಕೆಜೋಳ. ಹುಡುಗ ಸ್ಟಾಪಿನಲ್ಲೇ ಕಾದಿದ್ದ. ವಯಸ್ಸು ಇಪ್ಪತ್ತೆರಡು ಇರಬಹುದು. ಅಡಿಕೆ ಕೊಯ್ಲಿನ ಕಾಲದಲ್ಲಿ ಕೂಲಿ, ಮಿಕ್ಕ ಕಾಲದಲ್ಲಿ ಗಿಟಾರು. ಹೆಸರು ಹಾಕಬೇಡಿ ಅಂದ, ಹಾಕೋದಿಲ್ಲ.

"ಮೊದ್ಲು ನನ್ ಹಾಡು ಕೇಳ್ರಿ" ಅಂದ.

"ತಡಿಯೋ ತಮ್ಮಾ. ಸ್ವಂತ ಹಾಡು ಮಾಡಿದವರು ನೀನೊಬ್ಬನೇ ಅಲ್ಲ. ನಿನಗಿಂತ ಮುಂಚೆ ಹೋದವರು ಏನು ಮಾಡಿದ್ರು ಅಂತ ಕೇಳೋಣ. ಆಮೇಲೆ ನಿಂದು" ಅಂದೆ. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಹಾಗೆ ಶುರುವಾಯ್ತು ನಮ್ಮ ಕೆರೆ ಏರಿ ಕಚೇರಿ!

* * *

ಮೊದಲು ಒಂದು ಮಾತು. ಕನ್ನಡದಲ್ಲಿ ಸಿನಿಮಾ ಬಿಟ್ಟು ಹಾಡೇ ಇರಲಿಲ್ಲ ಅಂತ ತಿಳಿಯಬೇಡಿ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಅದರಲ್ಲಿ ಹೀರೋನೂ ಇಲ್ಲ, ಹೀರೋಯಿನ್ನೂ ಇಲ್ಲ. ಆದ್ರೂ ಮನೆಮನೆಗೆ ಹೋಯ್ತು. ಅದೇ 1978ರಲ್ಲಿ ನಮ್ಮ ಅಣ್ಣಾವ್ರು 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಇಂಗ್ಲಿಷ್ ಹಾಡು ಹಾಡಿ ಟಾಕೀಸಿನ ಹೆಂಚು ಹಾರಿಸಿದ್ರು. ಒಂದೇ ವರ್ಷ, ಎರಡು ದಾರಿ ನೋಡಿ! ಪಾಶ್ಚಾತ್ಯ ಧಾಟಿ ಬೇಕಾದ್ರೆ ಸಿನಿಮಾಕ್ಕೆ ಹೋಗು, ಒಳ್ಳೇ ಮಾತು ಬೇಕಾದ್ರೆ ಭಾವಗೀತೆಗೆ ಹೋಗು. ಎರಡೂ ಒಂದೇ ಹಾಡಲ್ಲಿ ಸಿಗೋದು ಅಪರೂಪ.

ಬೆಂಗಳೂರಿನಲ್ಲಿ ರಾಕ್ ಬ್ಯಾಂಡುಗಳಿಗೆ ಬರ ಇರಲಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ತಂಡ 1996ರಿಂದ ಇದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದು ಅರಮನೆ ಮೈದಾನ ನಡುಗಿಸಿತು. ಆದರೆ ಅಲ್ಲಿನ ರಾಕು ಮಾತಾಡಿದ್ದು ಬಹುಪಾಲು ಇಂಗ್ಲಿಷಿನಲ್ಲಿ. ಕೆರೆಬಿಳಚಿಯ ಹುಡುಗ ಆ ಮೈದಾನದ ಗೇಟಿನಾಚೆಯೇ ನಿಂತಿದ್ದ.

* * *

ಮೊದಲ ಹಾಡು: 'ಗುಡುಗುಡಿಯ ಸೇದಿ ನೋಡೋ'. ಹಾಡಿದವರು ರಘು ದೀಕ್ಷಿತ್, 2008ರ 'ಅಂತರಾಗ್ನಿ' ಆಲ್ಬಂನಲ್ಲಿ.

ಮೈಸೂರಿನಲ್ಲಿ ಬೆಳೆದ ಹುಡುಗ, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ! ಕಾಲೇಜಿನಲ್ಲಿ ಪಣ ಕಟ್ಟಿ ಗಿಟಾರ್ ಹಿಡಿದ. ಆಲ್ಬಂ ತಂದದ್ದು ಯಾವ ದೊಡ್ಡ ಕಂಪನಿಯೂ ಅಲ್ಲ, ಮುಂಬಯಿಯ ಸಂಗೀತ ಜೋಡಿ ವಿಶಾಲ್-ಶೇಖರ್. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬಂದ್ರೆ ಮುಗೀತು! 2010ರಲ್ಲಿ ಬಿಬಿಸಿ ಟಿ.ವಿ.ಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಜಾತ್ರೆ. ಅಲ್ಲಿಯ ಬಿಳಿ ಜನ ಕನ್ನಡ ತಿಳಿಯದೇ ಕುಣಿದ್ರು.

ಆದ್ರೆ ಆ ಹಾಡಿನ ಮಾತು ಯಾರದು? ಸಂತ ಶಿಶುನಾಳ ಷರೀಫರದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದ ಮುಸಲ್ಮಾನರ ಹುಡುಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಮೊಹರಂ ಪದವನ್ನೂ ಬರೆದ್ರು, ತತ್ವಪದವನ್ನೂ ಹಾಡಿದ್ರು. ಅವರಿಗೆ ರೆಕಾರ್ಡಿಂಗ್ ಇಲ್ಲ, ಕಂಪನಿ ಇಲ್ಲ, ಪೋಸ್ಟರ್ ಇಲ್ಲ. ಹಾಡು ಬಾಯಿಂದ ಬಾಯಿಗೆ ನಡಕೊಂಡೇ ಬಂತು. ಆಮೇಲೆ ಸಿ. ಅಶ್ವಥ್ ಆ ಪದಗಳಿಗೆ ಹೊಸ ಉಸಿರು ಕೊಟ್ಟರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಬಂತು. ಶ್ರೀಧರ್ ಷರೀಫರಾದ್ರು, ಕಾರ್ನಾಡರು ಗೋವಿಂದ ಭಟ್ಟರಾದ್ರು. ನೀವು ನೋಡಿಲ್ಲ ಅಂದ್ರೆ ಇವತ್ತೇ ನೋಡಿ.

ರಘು ದೀಕ್ಷಿತರ ಹಾಡಲ್ಲಿ ಆ ಹುಕ್ಕಾ ಪದಕ್ಕೆ ಗಿಟಾರ್ ತೊಡಿಸಿದ್ರೂ ಮೈಗೆ ಒಗ್ಗಿದೆ. ಯಾಕೆ ಗೊತ್ತೇ? ತತ್ವಪದಕ್ಕೆ ಮೊದಲಿನಿಂದಲೂ ಪಲ್ಲವಿ ತಿರುಗಿ ತಿರುಗಿ ಬರುವ ಗುಣ ಇದೆ. ಒಬ್ಬ ಹೇಳ್ತಾನೆ, ಹತ್ತು ಜನ ಎತ್ತಿಕೊಳ್ತಾರೆ. ರಾಕ್ ಹಾಡಿನ ಗುಣವೂ ಅದೇ. ಏಕತಾರಿ ಕೂತಿದ್ದ ಜಾಗದಲ್ಲಿ ಗಿಟಾರ್ ಕೂತಿದೆ, ಅಷ್ಟೇ.

ಹುಡುಗ ತಲೆಯಾಡಿಸ್ತಾ, "ಹತ್ತಕ್ಕೆ ಎಷ್ಟು?" ಅಂದ.

"ಎಂಟು. ಎರಡು ಮಾರ್ಕು ಕಡಿಮೆ ಯಾಕೆ ಅಂದ್ರೆ, ಮಾತು ಸಾಲದ್ದು. ದೊಡ್ಡವರ ಸಾಲ, ನಿಜ. ಆದ್ರೂ ಸಾಲ ಸಾಲವೇ."

* * *

ಎರಡನೇದು: ಸ್ವರಾತ್ಮ ತಂಡ. ಇದರ ಮುಂದಾಳು ವಾಸು ದೀಕ್ಷಿತ್, ರಘು ಅವರ ತಮ್ಮ. ತಂಡದ ಹೆಸರಿನದೇ ಮೊದಲ ಆಲ್ಬಂ 2009ರಲ್ಲಿ ಬಂತು. ಅದರಲ್ಲಿ 'ಈ ಭೂಮಿ' ಅನ್ನೋ ಕನ್ನಡ ಹಾಡೂ ಉಂಟು. ಆದ್ರೆ ನಾನು ಹುಡುಗನಿಗೆ ಕೇಳಿಸಿದ್ದು ಹಿಂದಿಯ 'ಪ್ಯಾಸಿ'. ಎರಡು ರಾಜ್ಯಗಳು ಕಾವೇರಿಗಾಗಿ ಕಿತ್ತಾಡ್ತಾವಲ್ಲ, ಅದನ್ನು ನದಿಯ ಕಡೆಯಿಂದ ನೋಡಿದ ಹಾಡು.

ಹಿಂದಿ ಹಾಡು ಯಾಕೆ ಅಂತ ಮುಖ ಸಿಂಡರಿಸಿದ. "ಅರ್ಥ ಹೇಳ್ತೀನಿ ಕೇಳು" ಅಂದೆ. ಕೇಳಿದ ಮೇಲೆ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ಭದ್ರಾ ನಾಲೆ ನೀರು ಕೊನೇ ಹೊಲಕ್ಕೆ ಬರಲ್ಲ ಅಂತ ನಮ್ ಕಡೇನೂ ರೈತರು ರಸ್ತೆಗೆ ಕೂರ್ತಾರೆ. ಅದನ್ನ ಹಾಡಾಗಿ ಮಾಡಬೋದು ಅಂತ ನಂಗೆ ಹೊಳೀಲೇ ಇಲ್ಲ" ಅಂದ.

ಭಲೇ! ಬೆಂಗಳೂರಿನ ತಂಡ, ಹಿಂದಿ ಮಾತು, ಕೆರೆಬಿಳಚಿಯ ಹುಡುಗನಿಗೆ ಅವನ ಪಕ್ಕದ ನಾಲೆ ತೋರಿಸಿತು. ಏಳೂವರೆ ಮಾರ್ಕು. ಇದೇ ಮಾತು ಕನ್ನಡದಲ್ಲಿ ಬಂದಿದ್ರೆ ಒಂಬತ್ತು ಕೊಡ್ತಿದ್ದೆ.

* * *

ಮೂರನೇದು ನೀವೆಲ್ಲ ಕುಣಿದದ್ದೇ. ಚಂದನ್ ಶೆಟ್ಟಿಯವರ 'ಮೂರು ಪೆಗ್'.

ನಾಲಿಗೆ ಕಚ್ಚಿಕೊಂಡ್ರಾ? ನಾನೂ ಕುಣಿದಿದ್ದೇನೆ, ತಂಗಿ ಮಗನ ಮದುವೆ ಆರತಕ್ಷತೆಯಲ್ಲಿ! ಸಿನಿಮಾ ಇಲ್ಲದ ಕನ್ನಡ ಹಾಡೊಂದು ಮದುವೆ ಡಿ.ಜೆ.ಗೂ ಗಣಪತಿ ಮೆರವಣಿಗೆಗೂ ನುಗ್ಗಬಲ್ಲದು ಅಂತ ತೋರಿಸಿದ ಹಾಡು ಅದು. ಮುಂದೆ 2018ರಲ್ಲಿ ಚಂದನ್ ಬಿಗ್ ಬಾಸ್ ಐದನೇ ಸೀಸನ್ ಗೆದ್ದದ್ದೂ ನಿಮಗೆ ಗೊತ್ತು. ಇದಕ್ಕೆಲ್ಲ ಇನ್ನೊಂದು ಕಾರಣವೂ ಇದೆ. 2016ರಲ್ಲಿ ಮೊಬೈಲ್ ಡೇಟಾ ಅಗ್ಗವಾಯ್ತು. ಹಳ್ಳಿ ಹುಡುಗನ ಜೇಬಿಗೇ ಟಾಕೀಸು ಬಂದು ಕೂತಿತು. ಕ್ಯಾಸೆಟ್ ಅಂಗಡಿಯ ದಯೆ ಬೇಕಿಲ್ಲ, ರೇಡಿಯೋದ ದಯೆ ಬೇಕಿಲ್ಲ.

ಹಾಡು ಹೇಗಿದೆ? ಧಾಟಿ ಕಿವಿಗೆ ಅಂಟುತ್ತೆ, ಬೆಲ್ಲದ ಪಾಕದ ಹಾಗೆ. ಆದರೆ ಮೂರು ಪೆಗ್ಗಿನ ಮೇಲೆ ನಾಲ್ಕನೇ ಮಾತು ಇಲ್ಲ. ಕುಣಿಯೋಕೆ ಒಂಬತ್ತು, ನೆನೆಯೋಕೆ ನಾಲ್ಕು. ಸರಾಸರಿ ಆರೂವರೆ.

ನಾಲ್ಕನೇದು ಸಂಜಿತ್ ಹೆಗ್ಡೆಯವರ 'ನಂಗೆ ಅಲ್ಲವಾ', 2024. ಟಿ.ವಿ. ಸ್ಪರ್ಧೆಯಿಂದ ಬಂದ ಕಂಠ. ಸಿನಿಮಾದಲ್ಲೂ ಗೆದ್ದು, ಸಿನಿಮಾದ ಹಂಗಿಲ್ಲದ ಹಾಡನ್ನೂ ಗೆಲ್ಲಿಸಿದ ಕಂಠ. ಇಲ್ಲಿ ಅಬ್ಬರ ಇಲ್ಲ. ಪಕ್ಕದಲ್ಲಿ ಕೂತು ಮಾತಾಡಿದಂತೆ ಹಾಡಿದ್ದಾರೆ. ಪ್ರೇಮದ ಹಾಡಿಗೆ ಹೀರೋನ ಮುಖ ಇಲ್ಲದಿದ್ರೆ ಏನಾಗುತ್ತೆ ಗೊತ್ತೇ? ಕೇಳೋನೇ ಹೀರೋ ಆಗ್ತಾನೆ! ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಹುಡುಗ ಅದು ತನ್ನದೇ ಕಥೆ ಅಂದ್ಕೋತಾನೆ. ಏಳು ಮಾರ್ಕು. ಒಂದು ಮಾರ್ಕು ಹೆಚ್ಚಿಗೆ ಬೇಕು ಅಂದ ನಮ್ಮ ಹುಡುಗ. ಯಾಕೆ ಅಂತ ಕೇಳಲಿಲ್ಲ. ಆ ವಯಸ್ಸಿಗೆ ಕಾರಣ ಇದ್ದೇ ಇರುತ್ತೆ.

* * *

ಆಮೇಲೆ ಅವನ ಹಾಡು.

ಅದಕ್ಕೆ ಮುಂಚೆ ಅವನ ಯೋಜನೆ ಹೇಳಿದ. ಹಾಡು ಫೋನಿನಲ್ಲೇ ರೆಕಾರ್ಡ್ ಆಗಿದೆ. ಇನ್ನು ವಿಡಿಯೋ ಆಗ್ಬೇಕು. ಡ್ರೋನ್ ಕ್ಯಾಮೆರಾ, ಬಾಡಿಗೆಗೆ ಕೆಂಪು ಕಾರು, ಇಬ್ಬರು ಡ್ಯಾನ್ಸರು, ಎರಡು ದಿನ ಶೂಟಿಂಗು. ಲೆಕ್ಕ ಎಂಬತ್ತು ಸಾವಿರ. ಮನೆಯಲ್ಲಿ ಎರಡು ಹಸು ಇವೆ, ಅವ್ವ ಡೇರಿಗೆ ಹಾಲು ಹಾಕ್ತಾಳೆ. ಅವನ್ನು ಮಾರೋದು ಅಂತ ತೀರ್ಮಾನ ಆಗಿದೆ. ಅವ್ವನೂ ಒಪ್ಪಿದಾಳೆ. ನಾನು 'ಚೆನ್ನಾಗಿದೆ' ಅಂತ ಪತ್ರಿಕೆಯಲ್ಲಿ ಒಂದು ಸಾಲು ಬರೆದ್ರೆ ಸಾಕು.

ದೊರೆಗಳೇ, ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯ್ತು. ಯಾಕೆ ಅಂತ ನಲವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳ್ತೀನಿ.

1984ರಲ್ಲಿ ನಾನೂ ನನ್ನ ಗೆಳೆಯನೂ ಒಂದು ಆರ್ಕೆಸ್ಟ್ರಾದಲ್ಲಿದ್ವಿ. ಅವನು ಹಾಡ್ತಿದ್ದ, ನಾನು ಬೋಂಗೋ ಬಾರಿಸ್ತಿದ್ದೆ. ಅವನು ಸ್ವಂತದ್ದೇ ಆರು ಹಾಡು ಕಟ್ಟಿದ. ಒಂದು ರಾತ್ರಿ ನನ್ನ ಮುಂದೆ ಹಾಡಿ, "ಹೆಂಗೈತಲೇ?" ಅಂದ. ನನಗೆ ಹಿಡಿಸಿರಲಿಲ್ಲ. ಆರರಲ್ಲಿ ಐದು ಆಗಿನ ಸಿನಿಮಾ ಹಾಡುಗಳ ನೆರಳು. ಆದ್ರೆ ಸ್ನೇಹ ನೋಡಿ, ಬಾಯಿಗೆ ಬಂದದ್ದು "ಸೂಪರ್ ಮಗಾ!" ಅವನು ಅರ್ಧ ಎಕರೆ ಮಾರಿ ಸಾವಿರ ಕ್ಯಾಸೆಟ್ ಮಾಡಿಸಿದ. ಅರವತ್ತೋ ಎಪ್ಪತ್ತೋ ಹೋದವು. ಮಿಕ್ಕವು ಅಟ್ಟ ಸೇರಿದವು.

ಒಂದೆರಡು ವರ್ಷ ಬಿಟ್ಟು ಅವನ ಊರಿಗೆ ಹೋಗಿದ್ದೆ. ಜೋಳದ ಹೊಲದ ಮೇಲೆಲ್ಲ ಕಂದು ದಾರ ಎಳೆದಿದ್ದ. ಬಿಸಿಲಿಗೆ ಫಳಫಳ ಹೊಳೀತಿತ್ತು, ಗಾಳಿಗೆ ಸುಯ್ ಅಂತಿತ್ತು. ಹಕ್ಕಿ ಓಡಿಸೋಕೆ. ಹತ್ತಿರ ಹೋಗಿ ನೋಡಿದ್ರೆ ಕ್ಯಾಸೆಟ್ಟಿನ ಟೇಪು! ಅವನ ಹಾಡೇ! ಅವನು ನಗ್ತಾ, "ನೋಡಲೇ, ಈಗ್ಲಾದ್ರೂ ಪ್ರಯೋಜನಕ್ಕೆ ಬಂತು" ಅಂದ. ನನ್ನನ್ನು ಬೈಯಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

* * *

ಕೆರೆಬಿಳಚಿಯ ಹುಡುಗ ಪ್ಲೇ ಒತ್ತಿದ. ಮೂರು ನಿಮಿಷ ನಲವತ್ತು ಸೆಕೆಂಡ್.

ಕಂಠ ಚೆನ್ನಾಗಿದೆ. ಸ್ವಲ್ಪ ಒರಟು, ಆದ್ರೆ ಶ್ರುತಿ ಬಿಡೋದಿಲ್ಲ. ಗಿಟಾರು ನಾಲ್ಕೇ ಕಾರ್ಡಿನಲ್ಲಿ ಸುತ್ತುತ್ತೆ, ಅದೇನೂ ತಪ್ಪಲ್ಲ. ಜಗತ್ತಿನ ಎಷ್ಟೋ ಹಾಡುಗಳು ಮೂರರಲ್ಲೇ ಸುತ್ತಿವೆ. ಮಾತು? ಪಬ್ಬು, ಕಾರು, ಹೈ ಹೀಲ್ಸು, ಬೆಂಗಳೂರಿನ ನೈಟು. ಇವನು ಬೆಂಗಳೂರಿಗೆ ಹೋದದ್ದು ಎರಡೇ ಸಲ, ಎರಡು ಸಲವೂ ಆಸ್ಪತ್ರೆಗೆ! ಹಾಡು ಅವನದ್ದೇ, ಆದ್ರೆ ಹಾಡಿನೊಳಗೆ ಅವನೇ ಇಲ್ಲ. ಬಾಡಿಗೆ ಕಾರಿಗಿಂತ ಮೊದಲೇ ಮಾತು ಬಾಡಿಗೆಗೆ ಬಂದಿದೆ.

ಆದರೆ ಎರಡನೇ ಚರಣದ ಕೊನೆಯಲ್ಲಿ, ಎಲ್ಲಿಂದಲೋ ನುಸುಳಿ, ಒಂದು ಸಾಲು ಬಂತು:

"ಕೊನೇ ಬಸ್ಸು ನಿಲ್ಲಿಸದೆ ಹೋಯ್ತು, ಕೈ ಮಾತ್ರ ಇನ್ನೂ ಮೇಲೇ ಐತೆ."

ನಾನು ನಿಲ್ಲಿಸು ಅಂದೆ. ಮತ್ತೆ ಹಾಕಿಸಿದೆ. ಇನ್ನೊಂದು ಸಲ ಹಾಕಿಸಿದೆ.

"ಇದು ಎಲ್ಲಿಂದ ಬಂತೋ?"

"ಅದಾ... ಪ್ರಾಸಕ್ಕೆ ಏನೂ ಸಿಗ್ಲಿಲ್ಲ, ಸುಮ್ನೆ ತುಂಬ್ಸಿದ್ದು. ಒಂದಿನ ಚನ್ನಗಿರಿಯಲ್ಲಿ ರಾತ್ರಿ ಬಸ್ ತಪ್ಪಿತ್ತು, ಅವಾಗಿಂದು. ತೆಗೀಲಾ?"

ತೆಗೀಬೇಕಂತೆ! ಅಯ್ಯೋ ನನ್ನ ಕರ್ಮವೇ! ಮನೆಯಲ್ಲಿ ಚಿನ್ನ ಇಟ್ಕೊಂಡು ಗಿಲೀಟಿಗೆ ಹಸು ಮಾರ್ತಾನಂತೆ!

ಆಗ ಹೇಳಿದೆ, ಈ ಸಲ ಸುಳ್ಳು ಹೇಳಲಿಲ್ಲ: "ತಮ್ಮಾ, ಧಾಟಿಗೆ ಏಳು. ಕಂಠಕ್ಕೆ ಏಳು. ಮಾತಿಗೆ ಎರಡು. ಆ ಎರಡೂ ಈ ಒಂದೇ ಸಾಲಿಗೆ. ಪತ್ರಿಕೆಯಲ್ಲಿ ಚೆನ್ನಾಗಿದೆ ಅಂತ ಬರೆಯೋಲ್ಲ. ಹಸು ಮಾರಬೇಡ."

ಅವನ ಮುಖ ಕೆಂಪಾಯ್ತು. "ಅಂದ್ರೆ ನಾವು ಹಳ್ಳಿಯೋರು ಬರೀ ಹಸು, ಹೊಲ, ನಾಲೆ ಅಂತಾನೇ ಹಾಡ್ಬೇಕಾ? ಕಾರಿನ ಆಸೆ ನಮಗಿರಬಾರದಾ?"

ಏಟು ಸರಿಯಾಗೇ ಬಿತ್ತು ಕಣ್ರೀ. ಪ್ರಶ್ನೆ ನ್ಯಾಯವಾದದ್ದೇ. ಹಳ್ಳಿ ಹೆಸರು ಹಾಕಿದ ಮಾತ್ರಕ್ಕೆ ಹಾಡು ದೊಡ್ಡದಾಗೋದಿಲ್ಲ. ಮಣ್ಣು, ನೇಗಿಲು, ಅವ್ವ ಅಂತ ತುಂಬಿಸಿದ ಟೊಳ್ಳು ಹಾಡುಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ಅದೂ ಬಾಡಿಗೆ ಮಾತೇ.

"ಕಾರಿನ ಆಸೆ ಹಾಡು, ಯಾರು ಬೇಡ ಅಂದ್ರು? ಆದ್ರೆ ಕಾರು ಇರೋನ ಹಾಗೆ ಯಾಕೆ ಹಾಡ್ತೀಯ? ಕಾರಿಲ್ಲದೆ ಕೈ ಎತ್ತಿ ನಿಂತೋನ ಹಾಗೆ ಹಾಡು. ಷರೀಫರು ಅರಮನೆ ಹಾಡಲಿಲ್ಲ, ಸೋರೋ ಮಾಳಿಗೆ ಹಾಡಿದ್ರು. ನೂರಿಪ್ಪತ್ತು ವರ್ಷ ಬಿಟ್ಟು ಆ ಮಾಳಿಗೆ ಪದ ಗಿಟಾರ್ ಜೊತೆ ರಘು ದೀಕ್ಷಿತರ ಅದೇ ಆಲ್ಬಂನಲ್ಲಿ ಬಂತು. ಸ್ವತಂತ್ರ ಹಾಡು ಅಂತ ಹೆಸರಿಟ್ಕೊಂಡ್ರೆ ಆಗ್ಲಿಲ್ಲಪ್ಪಾ. ಕಂಪನಿ ಹಂಗು ಬಿಟ್ರೆ ಅರ್ಧ ಸ್ವತಂತ್ರ. ಬೇರೆಯವರ ಮಾತಿನ ಹಂಗು ಬಿಟ್ರೆ ಪೂರ್ತಿ."

ಅವನು ಉತ್ತರ ಕೊಡಲಿಲ್ಲ. ಫೋನು ಜೇಬಿಗೆ ಹಾಕಿದ. ದಾವಣಗೆರೆ ಬಸ್ ಬಂತು, ಹತ್ತಿದೆ. ಟಾಟಾ ಮಾಡಲಿಲ್ಲ.

* * *

ಈ ಹುಡುಗನ ಹಾಗೆ ಗಿಟಾರ್ ಹಿಡಿದ ಓದುಗರು ನಿಮ್ಮಲ್ಲೂ ಇದ್ದೀರಿ, ಪತ್ರಗಳಿಂದ ಗೊತ್ತು. ಹಾಗಾಗಿ ನಾಲ್ಕು ವ್ಯವಹಾರದ ಮಾತು, ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಮೊದಲ ಹಾಡಿಗೆ ಸ್ಟುಡಿಯೋ ಬೇಡ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಕಂಬಳಿ, ಕೌದಿ ಇಳಿಬಿಟ್ಟು ಹಾಡಿ. ಗೋಡೆಗೆ ಬಡಿದು ತಿರುಗಿ ಬರೋ ದನಿಯನ್ನ ಬಟ್ಟೆ ನುಂಗುತ್ತೆ. ಫ್ಯಾನ್ ಆರಿಸೋದು ಮರೀಬೇಡಿ.

ಎರಡು: ಹಾಡಿನಲ್ಲಿ ಹಕ್ಕು ಎರಡು ಥರ. ಮಾತು ಮತ್ತು ರಾಗದ ಹಕ್ಕು ಒಂದು, ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಯಾರಾದ್ರೂ "ನಮ್ಮ ಚಾನೆಲ್ಲಿಗೆ ಹಾಕ್ತೀವಿ, ಸೈನ್ ಮಾಡು" ಅಂದ್ರೆ ಎರಡರಲ್ಲಿ ಯಾವುದು ಹೋಗ್ತಿದೆ, ಎಷ್ಟು ವರ್ಷಕ್ಕೆ ಹೋಗ್ತಿದೆ ಅಂತ ಓದಿ ಸೈನ್ ಮಾಡಿ.

ಮೂರು: ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಸಿಗಲಿ ಅಂತ 2012ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಆಗಿದೆ. ಆ ಪಾಲು ವಸೂಲು ಮಾಡಿಕೊಡೋಕೆ ಐಪಿಆರ್‌ಎಸ್ ಅನ್ನೋ ಸೊಸೈಟಿ 1969ರಿಂದ ಇದೆ. ಸದಸ್ಯರಾಗೋಕೆ ಗಾಂಧಿನಗರದ ಶಿಫಾರಸು ಬೇಕಿಲ್ಲ.

ನಾಲ್ಕು: ವಿಡಿಯೋಕ್ಕೆ ಅಂತ ಹಸು, ಹೊಲ, ಅವ್ವನ ಸರ ಮಾರಬೇಡಿ. ಕಣ್ಣು ಮುಚ್ಚಿ ಕೇಳಿದಾಗ ನಿಲ್ಲದ ಹಾಡು, ಡ್ರೋನ್ ಹಾರಿಸಿದ್ರೂ ನಿಲ್ಲೋದಿಲ್ಲ.

* * *

ಈ ಅಂಕಣ ಮುಗಿಸಿ ಕಳಿಸೋ ಹೊತ್ತಿಗೆ, ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು ಟಣ್ ಅಂತು. ಕೆರೆಬಿಳಚಿಯಿಂದ. ನಲವತ್ತು ಸೆಕೆಂಡಿನ ಆಡಿಯೋ. ಗಿಟಾರ್ ಅದೇ ನಾಲ್ಕು ಕಾರ್ಡು. ಹಾಡು ಶುರುವಾಗೋದೇ ಈಗ ಬಸ್ಸಿನ ಸಾಲಿನಿಂದ. ಹಿಂದೆ ಎಲ್ಲೋ ಹಸು ಅಂಬಾ ಅಂದದ್ದೂ ಸೇರಿಕೊಂಡಿದೆ. ಮೊದಲ ಸಾಲು ಆದ ಮೇಲೆ ಮಾತಿಲ್ಲ, ಬರೀ ಲಾಲಲಾ. ಕೆಳಗೆ ಒಂದು ಸಾಲು ಬರೆದಿದ್ದ:

"ಮುಂದಿನ ಸಾಲು ಸಿಕ್ತಿಲ್ಲ. ನಿಮ್ಮ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ."

ಸಿಟ್ಟು ಇರಲಿ ತಮ್ಮಾ. ಸಾಲು ಸಿಗೋವರೆಗೂ ಇರಲಿ. ಮಾರ್ಕು ಈಗ ಹಾಕೋಲ್ಲ. ಇನ್ನೂ ಮುಗಿಯದ ಹಾಡಿಗೆ ಮಾರ್ಕು ಹಾಕೋ ಚಾಳಿ ಈ ಅಂಕಣಕ್ಕಿಲ್ಲ.

ಅಂದ ಹಾಗೆ, ಈ ಸಂಚಿಕೆ ನನ್ನ ಆ ಹಳೇ ಗೆಳೆಯನ ಊರಿನ ಬಸ್‌ಸ್ಟಾಂಡಿಗೂ ಹೋಗುತ್ತೆ. ಲೇ, ಓದ್ತಾ ಇದ್ರೆ ಕೇಳು: ನಿನ್ನ ಆರು ಹಾಡಿನಲ್ಲಿ ಕೊನೇದು, ಆ ಬಾವಿ ಹಗ್ಗದ್ದು, ಅದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು. ಆವತ್ತೇ ಅದೊಂದನ್ನೇ ಹೇಳಬೇಕಿತ್ತು. ಒಂದಾದ್ರೂ ಕ್ಯಾಸೆಟ್ ಅಟ್ಟದ ಮೇಲೆ ಉಳಿದಿದ್ರೆ ಕಳಿಸು.

ಮುಂದಿನ ವಾರ ಮತ್ತೆ ಸಿಗೋಣ, ಕಿವಿ ತೆರೆದಿಟ್ಟುಕೊಂಡು ಬನ್ನಿ!